ಚೆಂಡು ಬಿಟ್ಟವರ ಪಟ್ಟಿ

ಬ್ಯಾಸ್ಕೆಟ್‌ಬಾಲಿಗೂ ನನಗೂ ಗಂಟು ಬಿದ್ದದ್ದು ನಾನು ಹೆಂಗಸು ಎಂಬ ಒಂದೇ ಅರ್ಹತೆಯಿಂದ. ಹೆಣ್ಣುಮಕ್ಕಳ ತಂಡ ಪರವೂರಿಗೆ ಆಡಲು ಹೋಗುವುದಾದರೆ ಜೊತೆಗೊಬ್ಬ ಶಿಕ್ಷಕಿ ಇರಲೇಬೇಕು. ನಮ್ಮ ಪಿ.ಟಿ. ಮಾಸ್ತರರು ಗಂಡಸರು. ಉಳಿದ ಶಿಕ್ಷಕಿಯರಲ್ಲಿ ಒಬ್ಬರಿಗೆ ಎಳೆಗೂಸು, ಒಬ್ಬರಿಗೆ ಘಟ್ಟದ ತಿರುವು ಕಂಡರೆ ವಾಂತಿ, ಮತ್ತೊಬ್ಬರಿಗೆ ಹಾಸಿಗೆ ಹಿಡಿದ ಅತ್ತೆ. ನನ್ನ ಮಕ್ಕಳು ಅಷ್ಟು ಹೊತ್ತಿಗೆ ತಮ್ಮ ತಟ್ಟೆಗೆ ತಾವೇ ಬಡಿಸಿಕೊಳ್ಳುವಷ್ಟು ದೊಡ್ಡವರಾಗಿದ್ದರು. ಹೀಗೆ 2011ರ ಜೂನಿನಲ್ಲಿ, ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸಿಕೊಂಡಿದ್ದ ನಾನು, ನಲವತ್ತು ದಾಟಿದ ಮೇಲೆ, ಬ್ಯಾಸ್ಕೆಟ್‌ಬಾಲ್ ತಂಡದ ‘ಲೇಡಿ ಟೀಚರ್’ ಆದೆ.

ಬಂಗೂರನಗರವನ್ನು ಕಾಣದವರಿಗೆ ಒಂದು ಮಾತು. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದದ ಗಿರಣಿಯ ಜೊತೆಜೊತೆಗೇ ಬೆಳೆದ ಬಡಾವಣೆ ಇದು. ಸುತ್ತ ಕಾಡು, ಮಗ್ಗುಲಲ್ಲಿ ಕಾಳಿ ನದಿ, ಗಾಳಿ ತಿರುಗಿದರೆ ಗಿರಣಿಯ ವಾಸನೆ. ಒಂದೇ ಓಣಿಯಲ್ಲಿ ಕನ್ನಡ, ಕೊಂಕಣಿ, ಮರಾಠಿ, ಹಿಂದಿ, ಉರ್ದು, ತೆಲುಗು ಎಲ್ಲವೂ ಕೇಳುತ್ತವೆ. ಗಡಿಯಾರಕ್ಕಿಂತ ಗಿರಣಿಯ ಭೋಂಗಾದ ಮೇಲೆ ಜನಕ್ಕೆ ನಂಬಿಕೆ ಹೆಚ್ಚು. ನಾವು ಅಭ್ಯಾಸ ಮಾಡುತ್ತಿದ್ದ ಕೋರ್ಟು ಸಿಮೆಂಟಿನದು. ಜೂನಿನಿಂದ ಸೆಪ್ಟೆಂಬರಿನವರೆಗೆ ಅದರ ಒಂದು ಮೂಲೆಯಲ್ಲಿ ಪಾಚಿ ಕಟ್ಟುತ್ತಿತ್ತು. ಶಾಲೆಗಳ ಪಂದ್ಯಾಟ ಬರುವುದೂ ಸರಿಯಾಗಿ ಆ ಮಳೆಯಲ್ಲೇ. ಸುಣ್ಣದ ಪುಡಿ ಉದುರಿಸಿ, ತೆಂಗಿನ ಗರಿಯ ಹಿಡಿಸೂಡಿಯಿಂದ ಉಜ್ಜಿ, ಆಮೇಲೆ ಆಡಬೇಕು.

ಮೊದಲ ದಿನ ಮಾಸ್ತರರು, “ನಮ್ಮ ಹುಡುಗೇರ ಟರ್ನೋವರ್ ಭಾಳ ಆಗೇದ್ರಿ ಮೇಡಂ, ಕಡಿಮಿ ಮಾಡಬೇಕು” ಎಂದರು. ಟರ್ನೋವರ್ ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು ನಾನು ಕೇಳಿದೆ. ನನ್ನ ತಮ್ಮನದು ಕಿರಾಣಿ ಅಂಗಡಿ. ನನಗೆ ಗೊತ್ತಿದ್ದ ಟರ್ನೋವರ್ ಅದೊಂದೇ. ಮಾಸ್ತರರು ನಗದೆ ವಿವರಿಸಿದರು, ಅದು ಅವರ ದೊಡ್ಡತನ. ಗುರಿಯತ್ತ ಎಸೆಯುವ ಮೊದಲೇ ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟರೆ ಅದು ಟರ್ನೋವರ್. ಕೈಯಿಂದ ಕಸಿದುಕೊಂಡರೆ ಅದು. ಪಾಸು ತಪ್ಪಿದರೆ ಅದು. ಚೆಂಡು ಹಿಡಿದು ನಡೆದರೆ ಅದು. ಒಮ್ಮೆ ಪುಟಿಸಿ ಹಿಡಿದ ಮೇಲೆ ಮತ್ತೆ ಪುಟಿಸಿದರೂ ಅದೇ. ಚೆಂಡು ಸಿಕ್ಕ ಮೇಲೆ 8 ಸೆಕೆಂಡಿನೊಳಗೆ ಅಂಗಳದ ನಡುಗೆರೆ ದಾಟಬೇಕು. ಎದುರಾಳಿ ಮೈಗೆ ಮೈ ತಾಗುವಷ್ಟು ಹತ್ತಿರ ನಿಂತಾಗ 5 ಸೆಕೆಂಡಿನೊಳಗೆ ಪಾಸು ಮಾಡಬೇಕು, ಪುಟಿಸಬೇಕು, ಇಲ್ಲವೇ ಎಸೆಯಬೇಕು. ಇವಿಷ್ಟನ್ನು ಕೇಳಿ ನನಗನಿಸಿದ್ದು, ಇದು ನಮ್ಮ ಮನೆಗಳ ಬೆಳಗಿನ ಏಳೂವರೆಯ ಹಾಗಿದೆ ಎಂದು. ಹಾಲು ಉಕ್ಕುತ್ತಿರುತ್ತದೆ, ಕುಕ್ಕರು ಕೂಗುತ್ತಿರುತ್ತದೆ, ಒಬ್ಬರು ಟಾವೆಲ್ ಕೇಳುತ್ತಿರುತ್ತಾರೆ, ಇನ್ನೊಬ್ಬರು ಕಾಲುಚೀಲ.

ಆಟ ಬಾರದ ನಾನು ನನಗೆ ಬರುವ ಕೆಲಸ ಮಾಡಿದೆ. 200 ಪುಟದ ಒಂದು ನೋಟುಪುಸ್ತಕ ತಂದು, ಗೆರೆ ಎಳೆದು, ಯಾರು ಎಷ್ಟು ಸಲ ಚೆಂಡು ಬಿಟ್ಟರು ಎಂದು ಕೆಂಪು ಶಾಯಿಯಲ್ಲಿ ಬರೆಯತೊಡಗಿದೆ. ಶನಿವಾರಕ್ಕೊಮ್ಮೆ ಅದನ್ನು ಕೂಡಿಸಿ ಫಲಕಕ್ಕೆ ಅಂಟಿಸುತ್ತಿದ್ದೆ. ‘ಚೆಂಡು ಬಿಟ್ಟವರ ಪಟ್ಟಿ’ ಎಂದು ಅದಕ್ಕೆ ಹೆಸರು. ಟೀಚರುಗಳ ಕೈಗೆ ಕೆಂಪು ಪೆನ್ನು ಕೊಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ.

ಪಟ್ಟಿಯ ತುದಿಯಲ್ಲಿ ಪ್ರತಿ ವಾರ 7ನೇ ನಂಬರಿನವಳು ಇರುತ್ತಿದ್ದಳು. ಹೆಸರು ಬೇಡ, ಈಗ ಮದುವೆಯಾಗಿ ಸಂಸಾರ ಮಾಡಿಕೊಂಡಿದ್ದಾಳೆ. ಒಂಬತ್ತನೆಯ ತರಗತಿ, ಕುಳ್ಳಿ, ಅಳಿಲಿನಂತೆ ಓಡುವವಳು. ಚೆಂಡನ್ನು ಈ ತುದಿಯಿಂದ ಆ ತುದಿಗೆ ಒಯ್ಯುವ ಹೊಣೆ ಅವಳದು. ಜುಲೈ ಮುಗಿಯುವಷ್ಟರಲ್ಲಿ ಪಟ್ಟಿಯಲ್ಲಿ ಅವಳ ಲೆಕ್ಕ ಇಳಿಯುತ್ತ ಬಂತು. ವಾರಕ್ಕೆ ಇಪ್ಪತ್ತೊಂದು ಇದ್ದದ್ದು ಹನ್ನೆರಡಾಯಿತು, ಏಳಾಯಿತು, ಆಗಸ್ಟಿನ ಮೊದಲ ವಾರ ಎರಡೇ ಎರಡು. ಎಲ್ಲರೆದುರು ಕರೆದು ಒಂದು ಪೆನ್ನು ಬಹುಮಾನ ಕೊಟ್ಟೆ. ಅವಳು ಅದನ್ನು ಇಸಿದುಕೊಂಡಳು, ನನ್ನ ಮುಖ ನೋಡಲಿಲ್ಲ. ನಾಚಿಕೆ ಎಂದುಕೊಂಡೆ.

ತಾಲ್ಲೂಕು ಪಂದ್ಯ ಹಳಿಯಾಳದಲ್ಲಿ. ದಾಂಡೇಲಿ ಆಗಿನ್ನೂ ಹಳಿಯಾಳ ತಾಲ್ಲೂಕಿಗೇ ಸೇರಿತ್ತು, ಬೇರೆ ತಾಲ್ಲೂಕಾದದ್ದು 2018ರಲ್ಲಿ. ಹಳಿಯಾಳ ಕುಸ್ತಿಗೆ ಹೆಸರಾದ ಊರು, ಪಂದ್ಯ ನೋಡುವುದು ಅಲ್ಲಿನ ಜನರಿಗೆ ರಕ್ತದಲ್ಲೇ ಇದೆ. ಮಳೆ ಹನಿಯುತ್ತಿದ್ದರೂ ಕೊಡೆ ಹಿಡಿದು ನಿಂತು ಕೂಗುತ್ತಿದ್ದರು. ಎದುರಾಳಿ ಹುಡುಗಿಯರು ನಾವು ಎಂದೂ ಕಾಣದ ಒಂದು ಕೆಲಸ ಮಾಡಿದರು. ತಮ್ಮ ರಿಂಗಿನ ಬಳಿ ಹೋಗಿ ಕಾಯದೆ, ನಮ್ಮ ಗೆರೆಯ ಹತ್ತಿರವೇ, ಚೆಂಡು ಒಳಗೆ ಬರುವಾಗಲೇ, ಒಬ್ಬೊಬ್ಬಳನ್ನೂ ಅಂಟಿಕೊಂಡು ಹಿಡಿದರು. ‘ಪ್ರೆಸ್’ ಎನ್ನುತ್ತಾರಂತೆ. ಹೊರಗಿನಿಂದ ಚೆಂಡು ಒಳಗೆಸೆಯುವವಳಿಗೂ 5 ಸೆಕೆಂಡೇ. ನಮ್ಮವಳು ಕೈಯಲ್ಲಿ ಚೆಂಡು ಹಿಡಿದು ಅತ್ತ ನೋಡುತ್ತಾಳೆ, ಇತ್ತ ನೋಡುತ್ತಾಳೆ, ಕೊಡಲು ಯಾರೂ ಇಲ್ಲ. ಕಡೆಗೆ 11ನೇ ನಂಬರಿನವಳು ಓಡಿ ಬಂದು ಹಿಡಿಯುತ್ತಾಳೆ. ಅವಳು ಎತ್ತರದ ಹುಡುಗಿ, ಜೋಯಿಡಾ ಕಡೆಯ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದವಳು. ರಿಂಗಿನ ಕೆಳಗೆ ನಿಲ್ಲುವುದು ಅವಳ ಕೆಲಸ. ಚೆಂಡು ಪುಟಿಸುತ್ತ ಓಡುವುದು ಅವಳಿಗೆ ಬಾರದು. ಹಿಡಿದ ಕೂಡಲೇ ಇಬ್ಬರು ಮುತ್ತುತ್ತಿದ್ದರು, ಚೆಂಡು ಹೋಗುತ್ತಿತ್ತು. ನನ್ನ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಆ ದಿನ ಹದಿನಾಲ್ಕು ಗೀಟು. 7ನೇ ನಂಬರಿನವಳ ಮುಂದೆ ಒಂದೇ ಒಂದು. ಸೋತೆವು, ಅಂತರ ಬರೆಯಲು ನಾಚಿಕೆ.

ಪಂದ್ಯ ಮುಗಿದ ಮೇಲೆ ಎಲ್ಲರೆದುರು ನಾನು 11ನೇ ನಂಬರಿನವಳನ್ನು ಬೈದೆ. “ಹದಿನಾಲ್ಕು ಸಲ! ಕೈಯಲ್ಲಿ ಬೆಣ್ಣೆ ಹಚ್ಚಿಕೊಂಡು ಬಂದಿದ್ದೆಯಾ?” ಎಂದೆ. ಬೇರೆ ಶಾಲೆಯ ಮಕ್ಕಳು ನಕ್ಕರು. ಅವಳು ಏನೂ ಹೇಳಲಿಲ್ಲ. ಹಿಂದಿರುಗುವಾಗ ಟೆಂಪೋದಲ್ಲಿ ನನ್ನ ಪಕ್ಕದಲ್ಲೇ ಅವಳಿಗೆ ಜಾಗ ಸಿಕ್ಕಿತು. ಕಾಡಿನ ದಾರಿ, ಗಾಜಿನ ಮೇಲೆ ಮಳೆ, ಹುಡುಗಿಯರು ಹಾಡುತ್ತಿರಲಿಲ್ಲ. ಅರ್ಧ ದಾರಿ ಕಳೆದ ಮೇಲೆ ಅವಳು ಕಿಟಕಿಯತ್ತ ಮುಖ ಮಾಡಿಕೊಂಡೇ ಹೇಳಿದಳು: “ಟೀಚರ್, ಚೆಂಡು ಹಿಡ್ಯಾಕ ಯಾರೂ ಬರ್ಲಿಲ್ರಿ. ಅದಕ್ಕ ನಾ ಬಂದೆ.”

ದೂರಿನ ದನಿಯಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೆ. ನಾನು ತಲೆಯೆತ್ತಿ ಮುಂದಿನ ಸೀಟಿನಲ್ಲಿದ್ದ 7ನೇ ನಂಬರಿನವಳ ಜಡೆಯನ್ನು ನೋಡಿದೆ. ಪಂದ್ಯದುದ್ದಕ್ಕೂ ಅವಳು ಎಲ್ಲಿ ನಿಂತಿದ್ದಳು ಎಂಬುದು ಆಗ ಕಣ್ಣಿಗೆ ಕಟ್ಟಿತು. ಎದುರಾಳಿಯ ಬೆನ್ನ ಹಿಂದೆ, ಪಾಸು ಬರಲಾರದ ಕಡೆ. ಓಡುತ್ತಿದ್ದಳು ನಿಜ, ಚೆಂಡಿನಿಂದ ದೂರ ಓಡುತ್ತಿದ್ದಳು. ಅಭ್ಯಾಸದಲ್ಲೂ ಹಾಗೇ ಮಾಡಿದ್ದಳೇನೋ. ಚೆಂಡು ಬಿಡಬಾರದು ಎಂದು ನಾನು ಕಲಿಸಿದ್ದೆ. ಚೆಂಡು ಬಿಡದಿರಲು ಅತಿ ಸುಲಭದ ಉಪಾಯ ಅದನ್ನು ಹಿಡಿಯದೇ ಇರುವುದು ಎಂದು ಆ ಮಗು ಕಂಡುಕೊಂಡಿತ್ತು. ಅದಕ್ಕೆ ನಾನು ಪೆನ್ನು ಬೇರೆ ಕೊಟ್ಟಿದ್ದೆ!

ಅಂದಿನಿಂದ ನನ್ನನ್ನು ಒಂದು ಪ್ರಶ್ನೆ ಕಾಡಿದೆ. ತಪ್ಪು ಮಾಡದವರು ಎಂದು ನಾವು ಯಾರನ್ನು ಹೊಗಳುತ್ತೇವೋ ಅವರಲ್ಲಿ ಎಷ್ಟು ಮಂದಿ ತಪ್ಪು ಮಾಡುವ ಜಾಗಕ್ಕೇ ಹೋಗದವರು? ಹದಿನಾಲ್ಕು ಗೀಟಿನವಳು ಹದಿನಾಲ್ಕು ಸಲ ಇತರರ ಪಾಲಿನ ಕಷ್ಟಕ್ಕೆ ಹೆಗಲು ಕೊಟ್ಟವಳು. ಒಂದು ಗೀಟಿನವಳು ಹದಿಮೂರು ಸಲ ತಪ್ಪಿಸಿಕೊಂಡವಳು. ತಪ್ಪಿಸಿಕೊಂಡದ್ದನ್ನು ಬರೆಯಲು ನನ್ನ ಪುಸ್ತಕದಲ್ಲಿ ಮನೆಯೇ ಇರಲಿಲ್ಲ.

ನನ್ನ ಅಮ್ಮನ ನೆನಪಾಯಿತು. ಅಪ್ಪ ಬಂದವರೆದುರೆಲ್ಲ, “ನಮ್ಮಾಕಿ ಒಂದು ರೂಪಾಯಿ ಪೋಲು ಮಾಡಿದವಳಲ್ಲ” ಎಂದು ಹೊಗಳುತ್ತಿದ್ದರು. ಅಮ್ಮನ ಕೈಗೆ ಒಂದು ರೂಪಾಯಿ ಕೊಟ್ಟದ್ದನ್ನು ಮಾತ್ರ ನಾನು ನೋಡಲಿಲ್ಲ. ಸಂತೆಯೂ ಅವರದೇ, ಸೀರೆ ಆರಿಸುವುದೂ ಅವರದೇ. ಅಪ್ಪ ತೀರಿಕೊಂಡ ಮೇಲೆ ಬ್ಯಾಂಕಿಗೆ ಕರೆದೊಯ್ದೆ. ಐವತ್ತೆಂಟು ವರ್ಷದ ಹೆಂಗಸು, ಏಳನೆಯ ಇಯತ್ತೆಯವರೆಗೆ ಓದಿದವಳು, ಹಣ ತೆಗೆಯುವ ಚೀಟಿಯಲ್ಲಿ ಅಂಕಿ ಬರೆಯುವಾಗ ಕೈ ನಡುಗಿ ಮೂರು ಚೀಟಿ ಹಾಳು ಮಾಡಿದಳು. ಆ ಕಡೆ ಕುಳಿತಿದ್ದ ಹುಡುಗ ತಾಳ್ಮೆಯಿಂದ ನಾಲ್ಕನೆಯದನ್ನು ಕೊಟ್ಟ. ಹೊರಗೆ ಬಂದು ಅಮ್ಮ, “ಎಲ್ಲರೂ ನೋಡಿದ್ರಲ್ಲ” ಎಂದಳು. ಇಡೀ ಆಯುಷ್ಯದಲ್ಲಿ ಅವಳು ಸಾರ್ವಜನಿಕವಾಗಿ ಮಾಡಿದ ಮೊದಲ ತಪ್ಪು ಅದಾಗಿತ್ತೇನೋ.

ಈ ಆಟದ ಚರಿತ್ರೆಯಲ್ಲೂ ಇಂಥದೇ ಒಂದು ಅಧ್ಯಾಯವಿದೆ. ಸಮಾಜ ವಿಜ್ಞಾನದ ಟೀಚರು ಚರಿತ್ರೆ ಹುಡುಕದೆ ಇರುತ್ತಾಳೆಯೇ? ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕ ಈ ಆಟವನ್ನು ಕಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಪೀಚ್ ಹಣ್ಣಿನ ಎರಡು ಬುಟ್ಟಿ ಕಟ್ಟಿ. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಅದನ್ನು ಸ್ಮಿತ್ ಕಾಲೇಜಿನ ಹುಡುಗಿಯರಿಗೆ ಕಲಿಸಿದಳು. ಹುಡುಗಿಯರಿಗೆ ಆಯಾಸವಾಗದಿರಲೆಂದು, ಒರಟುತನ ಬಾರದಿರಲೆಂದು ನಿಯಮಗಳನ್ನು ಬದಲಿಸಿದಳು. ಅಂಗಳವನ್ನು ಮೂರು ಪಾಲು ಮಾಡಿ, ಅವರವರ ಪಾಲು ಬಿಟ್ಟು ಯಾರೂ ಆಚೆ ಹೋಗಬಾರದು ಎಂದಳು. ಮತ್ತೊಬ್ಬಳ ಕೈಯಿಂದ ಚೆಂಡು ಕಸಿಯುವ ಹಾಗಿರಲಿಲ್ಲ. ಮೂರಕ್ಕಿಂತ ಹೆಚ್ಚು ಸಲ ಪುಟಿಸುವಂತಿರಲಿಲ್ಲ. ಅವಳನ್ನು ನಾನು ಹಳಿಯಲಾರೆ. ಹುಡುಗಿಯರು ಓಡುವುದೇ ಅಪರಾಧವೆನ್ನುವ ಕಾಲದಲ್ಲಿ ಅಷ್ಟಾದರೂ ಓಡಿಸಿದಳು. ಆದರೆ ರಕ್ಷಣೆಗೆಂದು ಹಾಕಿದ ಗೆರೆಗಳು ಸುಲಭಕ್ಕೆ ಅಳಿಯುವುದಿಲ್ಲ. ಅಯೋವಾ ರಾಜ್ಯದ ಶಾಲೆಗಳಲ್ಲಿ ಹುಡುಗಿಯರು 1993ರವರೆಗೆ, ಓಕ್ಲಹೋಮಾದಲ್ಲಿ 1995ರವರೆಗೆ ಆರು ಜನರ ಬೇರೆಯೇ ಆಟ ಆಡಿದರು. ಮೂವರು ಈ ಅರ್ಧ, ಮೂವರು ಆ ಅರ್ಧ; ನಡುಗೆರೆ ಯಾರೂ ದಾಟುವಂತಿಲ್ಲ, ಎರಡೇ ಸಲ ಪುಟಿಸಬೇಕು. ಕಾಯುವ ಮೂವರು ಇಡೀ ಪಂದ್ಯದಲ್ಲಿ ಒಮ್ಮೆಯೂ ಗುರಿಯತ್ತ ಎಸೆಯುವಂತಿಲ್ಲ. ಆ ಆಟವನ್ನು ಪ್ರೀತಿಸಿದವರೂ ಬಹಳ ಜನ ಇದ್ದರು. ಆದರೆ ಅಂಗಳದ ಈ ತುದಿಯಿಂದ ಆ ತುದಿಗೆ ಚೆಂಡು ಒಯ್ಯುವಾಗ ಕಳೆದುಕೊಳ್ಳುವ ಹೆದರಿಕೆ ಅದರಲ್ಲಿ ಯಾರಿಗೂ ಇರಲಿಲ್ಲ. ಒಯ್ಯುವ ಅವಕಾಶವೇ ಇರಲಿಲ್ಲವಲ್ಲ.

ಅಮ್ಮನ ಮಾತು, ಅಮೆರಿಕದ ಮಾತು ಬರೆದು ನನ್ನದನ್ನು ಮುಚ್ಚಿಡಬಾರದು. ಆ ಹೊತ್ತಿಗೆ ಎರಡು ಸಲ ನನ್ನನ್ನು ಪ್ರಭಾರಿ ಮುಖ್ಯೋಪಾಧ್ಯಾಯಿನಿ ಆಗೆಂದು ಕೇಳಿದ್ದರು. ಎರಡು ಸಲವೂ ಮನೆಯ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಲೆಕ್ಕಪತ್ರದಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ? ಪಾಲಕರು ಜಗಳಕ್ಕೆ ಬಂದರೆ? ನನ್ನ ಬದಲು ಆ ಕುರ್ಚಿಯಲ್ಲಿ ಕೂತವರು ಮಾಡಿದ ಒಂದೊಂದು ತಪ್ಪನ್ನೂ ಸ್ಟಾಫ್‌ರೂಮಿನಲ್ಲಿ ಚಹಾ ಕುಡಿಯುತ್ತ ಎಣಿಸಿದವರಲ್ಲಿ ನಾನೂ ಒಬ್ಬಳು. ನನ್ನ ಸೇವಾ ಪುಸ್ತಕ ಶುಭ್ರವಾಗಿತ್ತು, 7ನೇ ನಂಬರಿನವಳ ಪಟ್ಟಿಯ ಹಾಗೆ.

ಮರುದಿನ ಫಲಕದ ಪಟ್ಟಿ ಕಿತ್ತೆ. ಇನ್ನು ಮೇಲೆ ತಪ್ಪಿನ ಲೆಕ್ಕ ಬೇಡ, ತಪ್ಪಾದರೆ ಏನೂ ಆಗುವುದಿಲ್ಲವೆಂದು ಮಕ್ಕಳಿಗೆ ಹೇಳೋಣ ಎಂದೆ. ಮಾಸ್ತರರು ಒಪ್ಪಲಿಲ್ಲ. “ಏನೂ ಆಗೂದಿಲ್ಲ ಅಂದ್ರ ಸುಳ್ಳಾಕ್ಕೇತ್ರಿ ಮೇಡಂ. ನಾಕು ಮಂದಿ ಓಡಿ ಓಡಿ ಚೆಂಡು ಗಳಿಸಿರ್ತಾರ. ಐದನೇದಾಕಿ ಅದನ್ನ ಚೆಲ್ಲಿದ್ರ ಆ ನಾಕು ಮಂದಿ ಬೆವರು ಚೆಲ್ಲಿಧಂಗ. ಹುಡುಗ್ರಿಗೆ ಅದು ಗೊತ್ತೈತಿ. ನೀವು ಸುಳ್ಳು ಹೇಳಿದ್ರ ಅದೂ ಗೊತ್ತಾಕ್ಕೇತಿ.” ಅವರ ಮಾತು ಆಗ ಬಿರುಸೆನಿಸಿತ್ತು. ಮುಂದೆ 2017ರ ಜುಲೈನಲ್ಲಿ, ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಝಾಕಿಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್ಪಿನ ‘ಬಿ’ ವಿಭಾಗ ಗೆದ್ದ ಸುದ್ದಿ ಓದಿದಾಗ ಮಾಸ್ತರರ ಮಾತೇ ನೆನಪಾಯಿತು. 40 ನಿಮಿಷದ ಆಟದ ಕೊನೆಗೆ ಎರಡೇ ಅಂಕದ ಅಂತರ. ಅಂದರೆ ಒಂದು ಬುಟ್ಟಿ. ಒಂದು ಚೆಂಡು ಇತ್ತ ಹೋಗುವುದರ ಬದಲು ಅತ್ತ ಹೋಗಿದ್ದರೆ? ತಪ್ಪಿಗೆ ಬೆಲೆಯಿದೆ, ಅದನ್ನು ಬೇರೆಯವರೂ ತೆರುತ್ತಾರೆ. ಇದನ್ನು ಮರೆಸಿ ಹೇಳುವ ಸಮಾಧಾನ ಸಮಾಧಾನವಲ್ಲ.

ಹಾಗಾದರೆ ಏನು ಮಾಡುವುದು? ನಾವಿಬ್ಬರೂ ಸೇರಿ ಪುಸ್ತಕದಲ್ಲಿ ಎರಡು ಮನೆ ಮಾಡಿದೆವು. ಒಂದರಲ್ಲಿ ಮೊದಲಿನಂತೆ ಚೆಂಡು ಬಿಟ್ಟದ್ದು. ಇನ್ನೊಂದರಲ್ಲಿ ಕೈ ತೋರಿಸಿದ್ದು, ಅಂದರೆ ಜೊತೆಗಾರ್ತಿ ಇಕ್ಕಟ್ಟಿನಲ್ಲಿರುವಾಗ ಕಣ್ಣಿಗೆ ಕಾಣುವ ಹಾಗೆ ಬಂದು, ಕೈಯೆತ್ತಿ, ಇಲ್ಲಿ ಕೊಡು ಎಂದದ್ದು. ಫಲಕಕ್ಕೆ ಅಂಟಿಸುವುದು ನಿಂತಿತು. ಅವರವರ ಲೆಕ್ಕ ಅವರವರಿಗೆ ಮಾತ್ರ. ಚೆಂಡು ಹೋದಾಗಲೆಲ್ಲ ಮಾಸ್ತರರು ಆಟ ನಿಲ್ಲಿಸಿ, ಬಿಟ್ಟವಳನ್ನು ಕೇಳದೆ ಉಳಿದ ನಾಲ್ವರನ್ನು ಕೇಳುತ್ತಿದ್ದರು: “ನೀ ಎಲ್ಲಿ ನಿಂತಿದ್ದಿ? ಅಲ್ಲಿಂದ ಆಕೀಗೆ ನೀ ಕಾಣ್ತಿದ್ದೇನು?” ಒಬ್ಬಳ ಕೈಯಿಂದ ಹೋದ ಚೆಂಡಿನಲ್ಲಿ ಮೂವರ ಪಾಲಿರುವುದು ಹತ್ತು ದಿನದಲ್ಲಿ ಎಲ್ಲರಿಗೂ ಗೊತ್ತಾಯಿತು. ಮನೆಯಲ್ಲಿ ಸಾರು ಸೀದರೆ ಒಲೆಯ ಮುಂದಿದ್ದವಳನ್ನು ಮಾತ್ರ ಕೇಳುವ ನಮಗೆ ಇದು ಹೊಸದು.

ಇನ್ನು ಒತ್ತಡ. ಒತ್ತಡಕ್ಕೆ ಹೆದರಬೇಡ ಎನ್ನುವುದು ಪ್ರಯೋಜನವಿಲ್ಲದ ಮಾತು. ಪರೀಕ್ಷೆಯ ಬಾಗಿಲಲ್ಲಿ ನಿಂತು ನಾವು ಹೇಳುವ “ಟೆನ್ಷನ್ ಮಾಡ್ಕೋಬೇಡ” ಇದ್ದ ಹಾಗೆ. ಮಾಸ್ತರರು ಅದನ್ನು ರೂಢಿ ಮಾಡಿಸಿದರು. ನಮ್ಮ ಐವರ ಎದುರು ಏಳು ಹುಡುಗರನ್ನು ನಿಲ್ಲಿಸಿ ಆಡಿಸುವುದು. ಹೊರಗೆ ಕುಳಿತ ಮಕ್ಕಳಿಗೆ ಬಿಸಿಯೂಟದ ತಟ್ಟೆ ಕೊಟ್ಟು ಬಡಿಯಲು ಹೇಳುವುದು. ಚೆಂಡನ್ನು ಬೇಕೆಂದೇ ನೀರಿನಲ್ಲಿ ಅದ್ದಿ ಕೊಡುವುದು, ಮಳೆಯ ಪಂದ್ಯಕ್ಕೆ ಅದೂ ಬೇಕಲ್ಲ. ಪಾಸು ಬರುವಾಗ ನಿಂತಲ್ಲೇ ಕೈ ಚಾಚದೆ ಎರಡು ಹೆಜ್ಜೆ ಎದುರು ಹೋಗಿ ಹಿಡಿ, ನಡುವೆ ಕಸಿಯುವವಳಿಗೆ ಜಾಗ ಇರಬಾರದು. ಹಿಡಿದ ಕೂಡಲೇ ಪುಟಿಸಬೇಡ, ಪುಟಿಸಿ ನಿಲ್ಲಿಸಿದರೆ ಆ ದಾರಿ ಮುಚ್ಚಿತು. ಎರಡೂ ಕೈಯಿಂದ ಗದ್ದದ ಕೆಳಗೆ ಒತ್ತಿ ಹಿಡಿ, ಮೊಣಕೈ ಹೊರಗೆ. ಒಂದು ಕಾಲು ನೆಲಕ್ಕೆ ಊರಿ ಇನ್ನೊಂದರಿಂದ ತಿರುಗು, ತಲೆ ಎತ್ತು, ನೋಡು. ಮೂಲೆಗೆ ಹೋಗಬೇಡ, ಅಲ್ಲಿ ಎರಡು ಗೆರೆಗಳೂ ಎದುರಾಳಿಯ ಕಡೆಯವರೇ.

ಇದರಲ್ಲಿ ನನ್ನ ಪಾಲಿನ ಕೆಲಸ ಸೆಕೆಂಡು ಎಣಿಸುವುದು. ಇಬ್ಬರು ಮುತ್ತಿದವಳ ಕಿವಿಯ ಬಳಿ ನಿಂತು ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಮೊದಮೊದಲು ಎರಡು ಅನ್ನುವಷ್ಟರಲ್ಲಿ ಚೆಂಡನ್ನು ಎಲ್ಲಿಗೋ ಎಸೆದುಬಿಡುತ್ತಿದ್ದರು. ನವರಾತ್ರಿಯ ಹೊತ್ತಿಗೆ ನಾಲ್ಕರವರೆಗೂ ಕಾಯತೊಡಗಿದರು. 5 ಸೆಕೆಂಡು ಎಂದರೆ ಬಹಳ ಹೊತ್ತು. ಒಲೆಯ ಮೇಲೆ ಉಕ್ಕುವ ಹಾಲಿನ ಮುಂದೆ ನಿಂತು ಬೇಕಾದರೆ ಎಣಿಸಿ ನೋಡಿ. ಚೆಂಡು ಹೋದದ್ದರಲ್ಲೂ ಎರಡು ಬಗೆಯಿದೆ ಎಂದು ಆಗ ತಿಳಿಯಿತು. ಗೆರೆಯಾಚೆ ಹೋದರೆ ಸೀಟಿ ಊದುತ್ತಾರೆ, ಆಟ ನಿಲ್ಲುತ್ತದೆ, ಓಡಿ ಹಿಂದಕ್ಕೆ ಹೋಗಿ ನಮ್ಮ ರಿಂಗು ಕಾಯಲು ಸಮಯ ಸಿಗುತ್ತದೆ. ಎದುರಾಳಿಯ ಕೈಗೇ ಹೋದರೆ ಮೂರು ಸೆಕೆಂಡಿನಲ್ಲಿ ಅದು ಬುಟ್ಟಿಯಲ್ಲಿ. ಕಳೆಯಲೇಬೇಕೆಂದಿದ್ದರೆ ಹೊರಗೆ ಕಳೆ! ಮತ್ತೆ, ಕಳೆದ ಮೇಲೆ ಮುಖ ಮುಚ್ಚಿಕೊಳ್ಳಬೇಡ. ಮುಖ ಮುಚ್ಚಿಕೊಂಡ ಆ ಕ್ಷಣದಲ್ಲೇ ಎರಡನೆಯ ನಷ್ಟ ಆಗುತ್ತದೆ. ಮೊದಲು ಹಿಂದಕ್ಕೆ ಓಡು, ಅಳು ಆಮೇಲೆ.

ನಡುವೆ ಇನ್ನೊಂದು ಸಂಗತಿ ಬೆಳಕಿಗೆ ಬಂತು. ನಮ್ಮ ಶಾಲೆಯಲ್ಲಿದ್ದ ಚೆಂಡುಗಳೆಲ್ಲ 7ನೇ ಸೈಜಿನವು, ಗಂಡಸರವು. ಹೆಂಗಸರ ಆಟಕ್ಕೆ 2004ರಿಂದಲೇ ಅಂತರರಾಷ್ಟ್ರೀಯ ನಿಯಮದಲ್ಲಿ 6ನೇ ಸೈಜು ಬಂದಿದೆ; ಸುತ್ತಳತೆಯೂ ಚಿಕ್ಕದು, ತೂಕವೂ ಕಡಿಮೆ. ಕೈಯಲ್ಲಿ ನಿಲ್ಲದ ಚೆಂಡು ಕೊಟ್ಟು, ಕೈಗೆ ಬೆಣ್ಣೆ ಹಚ್ಚಿಕೊಂಡಿದ್ದೀಯಾ ಎಂದು ಕೇಳಿದ್ದೆ ನಾನು. ಹೊಸ ಚೆಂಡು ತರಿಸಲು ಮೂರು ತಿಂಗಳು ಹಿಡಿಯಿತು. 11ನೇ ನಂಬರಿನವಳನ್ನು ಕರೆದು, ಅಂದು ಬೈದದ್ದು ತಪ್ಪಾಯಿತು ಎಂದೆ. ಅವಳಿಗೆ ಇರುಸುಮುರುಸಾಗಿ, “ಇರ್ಲಿ ಬಿಡ್ರಿ ಟೀಚರ್” ಎಂದು ಓಡಿಹೋದಳು. ಬೈದದ್ದು ನೂರು ಜನರೆದುರು, ಕ್ಷಮೆ ಕೇಳಿದ್ದು ಕೈತೊಳೆಯುವ ನಲ್ಲಿಯ ಹತ್ತಿರ, ಯಾರೂ ಇಲ್ಲದಾಗ. ಅದೂ ಲೆಕ್ಕ ಸರಿಹೋದದ್ದಲ್ಲ.

ಕೂಗುವುದನ್ನು ಬಿಡಲು ನಾನು ಕಲ್ಲುಸಕ್ಕರೆಯ ಮೊರೆ ಹೊಕ್ಕೆ. ಆಟ ಶುರುವಾಗುವಾಗ ಬಾಯಿಗೊಂದು ತುಂಡು, ಕರಗುವವರೆಗೆ ಮಾತಿಲ್ಲ. ಹುಡುಗಿಯರು ಇದನ್ನು ಪತ್ತೆ ಹಚ್ಚಿ, ನಾನು ಬಾಯಿ ತೆರೆದಾಗಲೆಲ್ಲ “ಟೀಚರ್, ಸಕ್ಕರಿ!” ಎನ್ನತೊಡಗಿದರು. ಒಮ್ಮೆ ವಿರಾಮದಲ್ಲಿ, ಫಲದ ಚಿಂತೆ ಬಿಟ್ಟು ಕೆಲಸ ಮಾಡಬೇಕು, ಗೀತೆಯಲ್ಲಿ ಹಾಗೇ ಹೇಳಿದೆ ಎಂದು ನಾನು ಉಪದೇಶಕ್ಕಿಳಿದೆ. 7ನೇ ನಂಬರಿನವಳು, “ಹಂಗಾದ್ರ ಸ್ಕೋರ್ ಯಾಕ್ ಬರೀತಾರ್ರಿ?” ಎಂದಳು. ನನಗೆ ಉತ್ತರ ತೋಚಲಿಲ್ಲ. ಇಂದೂ ಪೂರಾ ತೋಚಿಲ್ಲ. ಆದರೆ ಅವಳು ಮೊದಲಿನ ಹಾಗೆ ತಲೆ ತಗ್ಗಿಸದೆ ಕೇಳಿದಳಲ್ಲ, ಅದು ಹಿತವೆನಿಸಿತು.

2012ರಲ್ಲಿ ತಾಲ್ಲೂಕು ಗೆದ್ದೆವು. ಶಿರಸಿಯಲ್ಲಿ ಮುಂದಿನ ಹಂತ. ಆ ಪಂದ್ಯದ ಕಡೆಯ ನಿಮಿಷ ನನಗಿನ್ನೂ ಎದೆ ಹಾರಿಸುತ್ತದೆ. ನಾವು ಒಂದು ಅಂಕ ಹಿಂದೆ, ಚೆಂಡು ನಮ್ಮದು. ಗೆರೆಯ ಹೊರಗೆ 11ನೇ ನಂಬರಿನವಳು ಚೆಂಡು ಹಿಡಿದು ನಿಂತಿದ್ದಾಳೆ. ಎದುರಾಳಿಗಳು ಎಲ್ಲರನ್ನೂ ಕಟ್ಟಿಹಾಕಿದ್ದಾರೆ. 7ನೇ ನಂಬರಿನವಳು ಒಂದು ಕಡೆ ಹೋಗುವಂತೆ ಮಾಡಿ, ಗಕ್ಕನೆ ತಿರುಗಿ, ಕೈ ಮೇಲೆತ್ತಿ, ಇಡೀ ಮೈದಾನಕ್ಕೆ ಕೇಳುವಂತೆ “ಇಲ್ಲಿ ಕೊಡs!” ಎಂದು ಕೂಗಿದಳು. ಪಾಸು ಬಂತು. ನಡುಗೆರೆ ದಾಟಿದಳು. ಇಬ್ಬರು ಅಟ್ಟಿಸಿಕೊಂಡು ಬಂದರು, ಅವಳು ಬಲಕ್ಕೆ ಸರಿದಳು, ಇನ್ನೂ ಸರಿದಳು. ಮೂಲೆ! ನನ್ನ ಬಾಯಲ್ಲಿ ಕಲ್ಲುಸಕ್ಕರೆ ಇತ್ತು. ಚೆಂಡನ್ನು ಗದ್ದದ ಕೆಳಗೆ ಹಿಡಿದು ತಿರುಗಿದಳು, ನೋಡಿದಳು, ಒಂದು ಕೈ ಸಂದಿನಲ್ಲಿ ಬಂತು, ಚೆಂಡು ಹೋಯಿತು. ಆಚೆ ತುದಿಯಲ್ಲಿ ಬುಟ್ಟಿಯೂ ಆಯಿತು. ಮೂರು ಅಂಕದಿಂದ ಸೋತೆವು.

ಅವಳು ನನ್ನ ಬಳಿ ಬಂದು, “ನಾನs ಕೇಳಿ ಇಸ್ಕೊಂಡಿದ್ದೆ ಟೀಚರ್” ಎಂದಳು. 11ನೇ ನಂಬರಿನವಳು ಅವಳ ಹೆಗಲ ಮೇಲೆ ಟಾವೆಲ್ ಹಾಕಿದಳು. ಅವಳಿಗೆ ಹೇಳಲು ನನ್ನಲ್ಲಿ ನೂರು ಮಾತಿತ್ತು. ಒಂದೂ ಆಡಲಿಲ್ಲ.

ಮರುದಿನ ಸಂಜೆ ಅವಳ ತಂದೆ ಮನೆಗೆ ಬಂದರು. ಪಾಳಿ ಮುಗಿಸಿ ನೇರ ಬಂದಿದ್ದರು, ಕೈಯಲ್ಲಿ ಬುತ್ತಿ ಡಬ್ಬಿ. ಜಗಳದ ಮನುಷ್ಯರಲ್ಲ. ಹೊಸ್ತಿಲಲ್ಲೇ ನಿಂತು ಕೇಳಿದರು: “ಮಗಳು ನಿನ್ನೆಯಿಂದ ಊಟ ಬಿಟ್ಟಾಳ್ರಿ. ಮೊದಲ ವರ್ಷ ಸೋತಾಗ ಹಿಂಗ ಆಗಿರ್ಲಿಲ್ಲ. ಹದಿನೈದು ವರ್ಷದ ಹುಡುಗಿ ತಲಿ ಮ್ಯಾಲೆ ಅಷ್ಟು ಭಾರ ಯಾಕ್ರಿ ಬಾಯೋರ?” ಒಳಗೆ ಬನ್ನಿ, ಚಹಾ ಕುಡಿಯಿರಿ ಎಂದೆ. ಬರಲಿಲ್ಲ.

ಅವರು ಕೇಳಿದ್ದು ಸರಿಯಾಗಿತ್ತು ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ನನ್ನ ಕೈಯಲ್ಲಿ ಆಗದ್ದನ್ನು ಆ ಹುಡುಗಿಯ ಕೈಯಲ್ಲಿ ಮಾಡಿಸಿದೆನೇ? ಪ್ರಭಾರಿ ಕುರ್ಚಿಗೆ ಹೆದರಿದ ನಾನು, ಧೈರ್ಯವೆಂದರೇನೆಂದು ನೋಡಲು ಒಂದು ಮಗುವನ್ನು ಮುಂದಕ್ಕೆ ತಳ್ಳಿದೆನೇ? ಅವಳು ಎದುರಾಳಿಯ ಬೆನ್ನ ಹಿಂದೆ ಸುಖವಾಗಿದ್ದಳು. ಅಲ್ಲೇ ಇದ್ದಿದ್ದರೆ ಆ ರಾತ್ರಿ ಉಂಡು ಮಲಗುತ್ತಿದ್ದಳು. ಆಟ ಮಕ್ಕಳದು, ಒಂದು ಚೆಂಡು ಹೋದರೆ ಜೀವ ಹೋಗುವುದಿಲ್ಲ, ಚಿಕ್ಕ ತಪ್ಪುಗಳನ್ನು ಚಿಕ್ಕ ಜಾಗದಲ್ಲಿ ಮಾಡಿ ರೂಢಿಯಾಗಲಿ ಎಂಬುದು ನನ್ನ ವಾದ. ಅಮ್ಮನಿಗೆ ಹದಿನೈದರಲ್ಲಿ ಒಂದು ಚೀಟಿ ಹಾಳು ಮಾಡಲು ಬಿಟ್ಟಿದ್ದರೆ ಐವತ್ತೆಂಟರಲ್ಲಿ ಕೈ ನಡುಗುತ್ತಿರಲಿಲ್ಲ. ವಾದ ಸರಿಯಾಗಿಯೇ ಇದೆ. ಆದರೆ ಆ ಚಿಕ್ಕ ಜಾಗ ಆ ಮಗುವಿಗೆ ಚಿಕ್ಕದಾಗಿರಲಿಲ್ಲ. ಅವಳ ಮಟ್ಟಿಗೆ ಅದು ಇಡೀ ಶಿರಸಿ. ಬಾಗಿಲಲ್ಲಿ ನಿಂತ ಆ ತಂದೆಗೆ ಈ ವಾದ ಹೇಳಲು ನನಗೆ ಬಾಯಿ ಬರಲಿಲ್ಲ. 2014ರಲ್ಲಿ ಮೂರನೆಯ ಸಲ ಕೇಳಿದಾಗ ನಾನು ಪ್ರಭಾರ ವಹಿಸಿಕೊಂಡೆ. ಹದಿನಾಲ್ಕಲ್ಲ, ನಲವತ್ತು ಗೀಟು ಬಿದ್ದಿರಬೇಕು. ಆ ಕಥೆ ಇಲ್ಲಿ ಬೇಡ.

ಶಿರಸಿಯಿಂದ ಬಂದ ಮೇಲೆ 7ನೇ ನಂಬರಿನವಳು ಕೋರ್ಟಿನತ್ತ ಸುಳಿಯಲಿಲ್ಲ. ಹತ್ತನೆಯ ತರಗತಿ, ಓದು ಇದೆ ಎಂದಳು. ನಾನೂ ಒತ್ತಾಯಿಸಲಿಲ್ಲ. 2013ರ ಜನವರಿಯ ಒಂದು ಸಂಜೆ, ಭೋಂಗಾ ಆಗಿ ಸ್ವಲ್ಪ ಹೊತ್ತಾಗಿತ್ತು, ಹೆಚ್ಚಿನ ತರಗತಿ ಮುಗಿಸಿ ಪತ್ರಿಕೆಗಳ ಕಟ್ಟು ಹಿಡಿದು ಬರುತ್ತಿದ್ದೆ. ಕೋರ್ಟಿನಲ್ಲಿ ಚೆಂಡಿನ ಸದ್ದು. ಅವಳೇ. ಅದೇ ಬಲಗಡೆಯ ಮೂಲೆಯಲ್ಲಿ ಗೆರೆಗೆ ಬೆನ್ನು ಮಾಡಿ ನಿಂತಿದ್ದಾಳೆ. ಎದುರಿಗೆ ಅವಳ ತಂಗಿ ಮತ್ತು ಪಕ್ಕದ ಕ್ವಾರ್ಟರ್ಸಿನ ಒಬ್ಬ ಹುಡುಗ, ಇಬ್ಬರೂ ಕೈ ಅಗಲಿಸಿ ಅವಳನ್ನು ಮುತ್ತಿದ್ದಾರೆ. ನನ್ನನ್ನು ಕಂಡು ಅವಳು ಬೆವರು ಒರೆಸಿಕೊಳ್ಳದೆಯೇ ಕೂಗಿದಳು: “ಟೀಚರ್, ಐದು ಎಣಸ್ರಿ!”

ಕಟ್ಟನ್ನು ಕಟ್ಟೆಯ ಮೇಲಿಟ್ಟು ಎಣಿಸತೊಡಗಿದೆ. ಸ್ವಲ್ಪ ನಿಧಾನವಾಗಿಯೇ ಎಣಿಸಿದೆನೇನೋ.